ಮುಚ್ಚಿದ ಡಬ್ಬಿಯೊಳಗೆ ನುಸಿ ಎಲ್ಲಿಂದ ಬಂತು?

ನರಗುಂದದ ನಮ್ಮ ಚಿಗವ್ವ ಶ್ರಾವಣ ಬಂತೆಂದರೆ ಕೇಳುವ ಪ್ರಶ್ನೆ ಒಂದೇ. “ಮುಚ್ಚಳಾ ಇಷ್ಟ ಬಿಗಿ ಐತಿ, ಎರಡೂ ಕೈಲೆ ಎಳದ್ರೂ ಬರೂದಿಲ್ಲ. ಇವು ಒಳಗ ಹೆಂಗ ಹೊಕ್ಕುವು ತಂಗಿ?” ಸುಗ್ಗಿಯಲ್ಲಿ ರಾಶಿ ಮಾಡಿ, ಒಣಗಿಸಿ, ತಗಡಿನ ಡಬ್ಬಿಗೆ ತುಂಬಿಟ್ಟ ಬಿಳಿಜೋಳ ಅದು. ಮರಕ್ಕೆ ಹಾಕಿ ಕೇರಲು ಕುಳಿತರೆ ನುಸಿಗಳು ಸಾಲುಗಟ್ಟಿ ಅಂಚಿಗೆ ಹರಿಯುತ್ತವೆ. ಕಾಳನ್ನು ಬೆರಳಲ್ಲಿ ಹಿಚುಕಿದರೆ ಹಿಟ್ಟು ಉದುರುತ್ತದೆ.

ಅವು ಹೊಕ್ಕಿಲ್ಲ. ಡಬ್ಬಿ ತುಂಬಿದ ದಿನವೇ ಕಾಳಿನ ಹೊಟ್ಟೆಯಲ್ಲಿ ಇದ್ದವು.

ಇದೊಂದು ಸಂಗತಿ ತಿಳಿದರೆ, ಮನೆಯ ಹುಳುಹುಪ್ಪಟೆಗಳ ವಿಷಯದಲ್ಲಿ ನಾವು ಪಡುವ ಕಷ್ಟದಲ್ಲಿ ಅರ್ಧಕ್ಕರ್ಧ ಯಾಕೆ ನೀರಲ್ಲಿ ಹೋಮವಾಗುತ್ತದೆ ಎಂಬುದೂ ತಿಳಿಯುತ್ತದೆ. ನಾವು ಔಷಧ ಹೊಡೆಯುವುದು ಕಣ್ಣಿಗೆ ಬಿದ್ದ ಹುಳಕ್ಕೆ. ಕೀಟದ ಬಾಲ್ಯ ಕಳೆಯುವುದೋ ಕಣ್ಣಿಗೆ ಬೀಳದ ಜಾಗದಲ್ಲಿ. ನುಸಿಯ ಮರಿ ಕಾಳಿನೊಳಗೆ ಬೆಳೆಯುತ್ತದೆ, ಜಿರಳೆಯ ತತ್ತಿ ಗಟ್ಟಿ ಚೀಲದೊಳಗೆ, ತಗಣಿಯದು ಮಂಚದ ಸಂದಿಯಲ್ಲಿ, ಡೆಂಗಿ ಸೊಳ್ಳೆಯದು ನೀರು ತುಂಬಿಟ್ಟ ಬ್ಯಾರಲ್ಲಿನ ಗೋಡೆಗೆ ಅಂಟಿಕೊಂಡು. ಆ ಜಾಗ ಗೊತ್ತಿಲ್ಲದೆ ಹೊಡೆದ ಔಷಧ ಹುಳಕ್ಕಿಂತ ಹೆಚ್ಚಾಗಿ ಮನೆಯವರ ಮೈಗೇ ಸೇರುತ್ತದೆ.

ನುಸಿಯಿಂದಲೇ ಶುರು ಮಾಡೋಣ. ಸೊಂಡಿಲಿನಂಥ ಮೂತಿಯ ಈ ಹೆಣ್ಣುಹುಳ ಕಾಳಿನಲ್ಲಿ ಸಣ್ಣ ತೂತು ಕೊರೆಯುತ್ತದೆ, ಅದರಲ್ಲಿ ಒಂದು ತತ್ತಿ ಇಡುತ್ತದೆ, ಆಮೇಲೆ ಅಂಟಿನಂಥ ಪದಾರ್ಥದಿಂದ ತೂತನ್ನು ಮುಚ್ಚಿಬಿಡುತ್ತದೆ. ಹೊರಗಿನಿಂದ ಕಾಳು ಸಾಫಾಗಿ ಕಾಣುತ್ತದೆ. ಒಳಗೆ ಹುಟ್ಟಿದ ಮರಿ ಕಾಳಿನ ತಿರುಳನ್ನೇ ತಿಂದು, ಅಲ್ಲೇ ಕೋಶವಾಗಿ, ಬೆಚ್ಚನೆಯ ಹವೆಯಲ್ಲಿ ಸುಮಾರು ನಾಲ್ಕೈದು ವಾರಕ್ಕೆ ಹೊರಬರುತ್ತದೆ. ಒಂದು ಹೆಣ್ಣು ಬದುಕಿನಲ್ಲಿ 300ರ ಆಸುಪಾಸು ತತ್ತಿ ಇಡಬಲ್ಲದು. ಅದರಲ್ಲಿ ಬರೀ 30 ಉಳಿದವು ಅನ್ನಿ, ಅರ್ಧ ಹೆಣ್ಣು ಅನ್ನಿ. ಒಂದು ಜೋಡಿ ಮೊದಲ ಪೀಳಿಗೆಗೆ 30 ಆಗುತ್ತದೆ, ಎರಡನೆಯದಕ್ಕೆ 450, ಮೂರನೆಯದಕ್ಕೆ 6,750. ಹಿಂಗಾರಿ ಜೋಳ ಮನೆಗೆ ಬರುವುದು ಫೆಬ್ರುವರಿ, ಮಾರ್ಚಿನಲ್ಲಿ. ಶ್ರಾವಣಕ್ಕೆ ಐದು ತಿಂಗಳಾಯಿತು. ಚಿಗವ್ವನ ಕಣ್ಣಿಗೆ ಬಿದ್ದದ್ದು ಒಮ್ಮೆಲೇ ನುಗ್ಗಿದ ದಂಡಲ್ಲ, ಬೇಸಿಗೆಯುದ್ದಕ್ಕೂ ಒಳಗೊಳಗೇ ಬೆಳೆದ ಸಂಸಾರ.

ಮಳೆಗಾಲದಲ್ಲೇ ಯಾಕೆ ಇವು ಇಷ್ಟು ಹೆಚ್ಚುತ್ತವೆ? ತೇವ. ನುಸಿ ನೀರು ಕುಡಿಯಲು ಎಲ್ಲಿಗೂ ಹೋಗುವುದಿಲ್ಲ, ಕಾಳಿನ ತೇವವೇ ಅದಕ್ಕೆ ನೀರು. ಕಾಳಿನಲ್ಲಿ ತೇವ ಶೇಕಡಾ 10ಕ್ಕಿಂತ ಕೆಳಗಿಳಿದರೆ ಅದರ ಸಂತಾನ ಹೆಚ್ಚುವುದು ಕಷ್ಟ. ಹಿರಿಯರು ಕಾಳನ್ನು ಹಲ್ಲಲ್ಲಿ ಕಡಿದು ನೋಡುತ್ತಿದ್ದರಲ್ಲ, ‘ಕಟ್’ ಎಂದು ಮುರಿದರೆ ತುಂಬು, ಹಲ್ಲಿಗೆ ಮೆತ್ತಗೆ ಹತ್ತಿದರೆ ಮತ್ತೆ ಒಣಹಾಕು ಎಂದು, ಅದು ಈ ತೇವದ ಪರೀಕ್ಷೆಯೇ. ರೋಣ, ಗದಗ ಕಡೆಯ ಒಣ ಹವೆಯಲ್ಲಿ ಉಳಿಯುವ ಜೋಳ, ಅದೇ ಚೀಲದಲ್ಲಿ ಕಲಘಟಗಿಗೋ ಹಾನಗಲ್ಲಿಗೋ ಹೋದರೆ ಬೇಗ ಕೆಡುತ್ತದೆ. ಅಲ್ಲಿ ಮಲೆನಾಡಿನ ಗಾಳಿ ತಾಗುತ್ತದೆ, ಕಾಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ.

ದ್ವಿದಳದ ಕತೆ ಬೇರೆ. ಹೆಸರು, ಕಡಲೆ, ಅಲಸಂದಿಗೆ ಬೀಳುವ ದುಂಡಗಿನ ಸಣ್ಣ ಹುಳ ತತ್ತಿಯನ್ನು ಕಾಳಿನ ಒಳಗಲ್ಲ, ಸಿಪ್ಪೆಯ ಮೇಲೇ ಅಂಟಿಸುತ್ತದೆ. ಹೆಸರುಕಾಳಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಧೂಳಲ್ಲ, ತತ್ತಿ. ಮರಿ ಅಲ್ಲಿಂದ ನೇರ ಒಳಗೆ ಕೊರೆಯುತ್ತದೆ. ಕಡೆಗೆ ಗುಂಡನೆಯ ಕಿಂಡಿ ಮಾಡಿಕೊಂಡು ಹೊರಬರುತ್ತದೆ. ಬಹಳ ಸಲ ಇದು ಹೊಲದಲ್ಲೇ, ಕಾಯಿ ಒಣಗುವಾಗಲೇ ಕಾಳಿಗೆ ಹತ್ತಿರುತ್ತದೆ. ಮುಂಗಾರಿ ಹೆಸರು ಒಕ್ಕುವುದು ಮಳೆ ಇನ್ನೂ ನಿಲ್ಲದ ದಿನಗಳಲ್ಲಿ. ಹಾಗಾಗಿ ತೇವವೂ ಇರುತ್ತದೆ, ತತ್ತಿಯೂ ಇರುತ್ತದೆ, ಎರಡೂ ಸೇರಿಯೇ ಡಬ್ಬಿಗೆ ಬೀಳುತ್ತವೆ.

ಈಗ ನಮ್ಮ ಅಜ್ಜಿಯರು ಕಾಳಿಗೆ ಔಡಲೆಣ್ಣೆ ಸವರುತ್ತಿದ್ದುದರ ಗುಟ್ಟು ಬಿಡಿಸಬಹುದು. ತತ್ತಿ ಸಿಪ್ಪೆಯ ಮೇಲಿದೆಯಲ್ಲ, ಎಣ್ಣೆಯ ಪದರ ಅದರ ಉಸಿರಾಟವನ್ನೇ ಮುಚ್ಚುತ್ತದೆ. ಕಿಲೋಗೆ ಒಂದು ಟೀ ಚಮಚ ಸಾಕು, ಕೈಯಿಂದ ಚೆನ್ನಾಗಿ ತಿಕ್ಕಿ ಪ್ರತಿ ಕಾಳಿಗೂ ಹತ್ತಿಸಬೇಕು. ಅದೇ ಎಣ್ಣೆಯನ್ನು ನುಸಿ ಹತ್ತಿದ ಜೋಳಕ್ಕೆ ಸವರಿದರೆ ಅಷ್ಟು ಫಲವಿಲ್ಲ, ಯಾಕೆಂದರೆ ನುಸಿ ತತ್ತಿಯನ್ನು ಒಳಗೆ ಬಚ್ಚಿಟ್ಟಿರುತ್ತದೆ. ಹುಳ ಯಾವುದು ಎಂದು ನೋಡದೆ ಉಪಾಯ ಮಾಡಿದರೆ ಆಗುವುದು ಹೀಗೆಯೇ. ಬೇವಿನ ಎಲೆಯೂ ಅಷ್ಟೆ. ಹುಳವನ್ನು ಒಂದಿಷ್ಟು ದೂರ ಇಡಬಹುದು, ಒಳಗಿನ ಮರಿಯನ್ನು ಕೊಲ್ಲದು. ಅದರಲ್ಲೂ ಹಸಿ ಎಲೆ ಹಾಕಿದರೆ ಕಾಳಿಗೆ ತೇವ ಕೊಟ್ಟಂತಾಗುತ್ತದೆ. ನೆರಳಲ್ಲಿ ಒಣಗಿಸಿದ ಎಲೆಯನ್ನೇ ಹಾಕಬೇಕು.

ಒಳಗಿನ ಮರಿಯನ್ನು ಕೊಲ್ಲುವ ದಾರಿ ಮೂರಿವೆ, ಮೂರರಲ್ಲೂ ವಿಷ ಬೇಕಿಲ್ಲ. ಮೊದಲನೆಯದು ಬಿಸಿ. ಬರೀ ಬಿಸಿಲಿಗೆ ಹರವಿದರೆ ದೊಡ್ಡ ಹುಳಗಳು ಓಡಿಹೋಗುತ್ತವೆ, ದಪ್ಪಗೆ ಹರವಿದ್ದರೆ ಅಡಿಯ ಕಾಳು ಕಾಯುವುದೇ ಇಲ್ಲ. ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ, ಕಾಳನ್ನು ತೆಳ್ಳಗೆ ಹರವಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ, ಅಂಚಿಗೆ ಕಲ್ಲು ಹೇರಿ. ಏಪ್ರಿಲ್ ಬಿಸಿಲಲ್ಲಿ ಒಳಗಿನ ಶಾಖ ಹೊರಗಿನದಕ್ಕಿಂತ ಎಷ್ಟೋ ಏರುತ್ತದೆ. 57 ಡಿಗ್ರಿ ಒಂದು ತಾಸು ನಿಂತರೆ ಅಲಸಂದಿ ಹುಳದ ತತ್ತಿಯಿಂದ ಹಿಡಿದು ದೊಡ್ಡದರವರೆಗೆ ಎಲ್ಲವೂ ಸಾಯುತ್ತವೆ. ಆಮೇಲೆ ಕಾಳು ಪೂರ್ತಿ ಆರಲೇಬೇಕು. ಬಿಸಿ ಬಿಸಿಯಾಗಿ ತುಂಬಿದರೆ ಡಬ್ಬಿಯ ಗೋಡೆ ಬೆವರುತ್ತದೆ, ಮಾಡಿದ್ದೆಲ್ಲ ನೀರುಪಾಲು. ಎರಡನೆಯದು ಚಳಿ. ರವೆ, ಹಿಟ್ಟು, ಸ್ವಲ್ಪ ಬೇಳೆ ಇದ್ದವರು ಪೊಟ್ಟಣವನ್ನೇ ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ಒಂದು ವಾರ ಇಟ್ಟು ತೆಗೆಯಬಹುದು.

ಮೂರನೆಯದು ಉಸಿರು ಕಟ್ಟಿಸುವುದು. ಇದನ್ನು ನಮ್ಮ ಸೀಮೆ ಯಾರಿಂದಲೂ ಕಲಿಯಬೇಕಿಲ್ಲ. ಹಗೇವು ಮಾಡುತ್ತಿದ್ದದ್ದು ಇದನ್ನೇ. ನೆಲದೊಳಗೆ ಕುಣಿ ತೋಡಿ, ಸುತ್ತ ಹುಲ್ಲು ಕೊಟ್ಟು, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಒಳಗಿನ ಕಾಳೂ ಹುಳವೂ ಉಸಿರಾಡಿ ಆಮ್ಲಜನಕ ಖರ್ಚಾಗುತ್ತಿತ್ತು, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತಿತ್ತು, ಹುಳ ತಾನಾಗಿ ಸಾಯುತ್ತಿತ್ತು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದು ಎಂಬ ಕಟ್ಟಳೆಗೂ ಅದೇ ಕಾರಣ. ಹುಳ ಕೊಂದ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಇಂದಿನ ಮನೆಯಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡ್ರಮ್ಮನ್ನು ಕಂಠಮಟ್ಟ ತುಂಬಿ, ಮುಚ್ಚಳದ ಸುತ್ತ ಟೇಪು ಸುತ್ತಿದರೆ ಅದೇ ಕೆಲಸವಾಗುತ್ತದೆ. ಮೂರು ಪದರದ ಗಾಳಿಯಾಡದ ಚೀಲಗಳೂ ಬಂದಿವೆ. ಒಂದೇ ಷರತ್ತು, ಪದೇ ಪದೇ ತೆರೆಯಬಾರದು. ತಿಂಗಳ ಖರ್ಚಿಗೆ ಬೇರೆ ಸಣ್ಣ ಡಬ್ಬಿ ಇಟ್ಟುಕೊಳ್ಳಿ. ಚಿಗವ್ವ ದಿನಾ ಎರಡು ಸೇರು ತೆಗೆಯುತ್ತಿದ್ದದ್ದು ಆ ದೊಡ್ಡ ಡಬ್ಬಿಯಿಂದಲೇ. ಹುಳಕ್ಕೆ ದಿನಾ ಹೊಸ ಗಾಳಿ ಸಿಗುತ್ತಿತ್ತು.

ಹಳೆಯ ಕಾಳಿನ ತಳದ ಮೇಲೆ ಹೊಸದನ್ನು ಸುರಿಯಬೇಡಿ. ಗೋಣಿಚೀಲದ ಹೊಲಿಗೆಯಲ್ಲಿ ಹಳೆಯ ಹುಳ ಕಾದುಕೊಂಡಿರುತ್ತದೆ. ಚೀಲವನ್ನು ಕುದಿಯುವ ನೀರಲ್ಲಿ ಅದ್ದಿ ಒಣಗಿಸಿಯೇ ಮತ್ತೆ ಬಳಸಬೇಕು.

ಖಾರಕ್ಕೆ ಹುಳ ಬೀಳುವುದಿಲ್ಲ ಎಂದುಕೊಂಡವರಿಗೊಂದು ಮಾತು. ಬ್ಯಾಡಗಿ ಮೆಣಸಿನಕಾಯಿಯನ್ನೂ ತಿನ್ನುವ ಕಂದುಬಣ್ಣದ, ಎಳ್ಳಿನಷ್ಟಿನ ಹುಳ ಇದೆ. ತಂಬಾಕು, ಅರಿಸಿನ, ಕೊತ್ತಂಬರಿ ಬೀಜ, ಎಲ್ಲವೂ ಅದಕ್ಕೆ ಆದೀತು. ಅದರ ಹೊಟ್ಟೆಯಲ್ಲಿ ಬದುಕುವ ಯೀಸ್ಟಿನಂಥ ಸೂಕ್ಷ್ಮಜೀವಿಗಳು ಸತ್ವವಿಲ್ಲದ ಆಹಾರದಲ್ಲೂ ಅದಕ್ಕೆ ಬೇಕಾದ ಪೋಷಕಾಂಶ ಒದಗಿಸಿಕೊಡುತ್ತವೆ. ಹಾಗಾಗಿ ವರ್ಷದ ಖಾರಪುಡಿಯನ್ನು ಒಮ್ಮೆಲೇ ಕುಟ್ಟಿಸಿ ಇಡುವುದಕ್ಕಿಂತ, ಕಾಯಿಯನ್ನು ಗಟ್ಟಿ ಒಣಗಿಸಿ ಬಿಗಿಯಾಗಿ ಕಟ್ಟಿಟ್ಟು ಆಗಾಗ ಕುಟ್ಟಿಸುವುದು ಮೇಲು.

ಇಲ್ಲಿಯೇ ಹೇಳಲೇಬೇಕಾದ ಮಾತೊಂದಿದೆ. ಕಾಳಿನ ಚೀಲದೊಳಗೆ ಇಡುವ ಗುಳಿಗೆ, ಅಲ್ಯೂಮಿನಿಯಂ ಫಾಸ್ಫೈಡ್, ಮನೆಗೆ ತರುವ ವಸ್ತುವಲ್ಲ. ಗಾಳಿಯ ತೇವ ತಾಗಿದೊಡನೆ ಅದು ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಗೋದಾಮಿನಲ್ಲಿ ತರಬೇತಾದವರು, ಜನ ಇಲ್ಲದಾಗ, ತಾಡಪತ್ರಿ ಹೊದಿಸಿ ಬಳಸುವುದಕ್ಕಷ್ಟೇ ಅದಕ್ಕೆ ಅನುಮತಿ. ಆ ಅನಿಲ ಗಾಳಿಗಿಂತ ಭಾರ, ಮಲಗಿದವರ ಮಟ್ಟದಲ್ಲೇ ಹರಡುತ್ತದೆ, ಮತ್ತು ಅದರ ವಿಷಕ್ಕೆ ಪ್ರತ್ಯೌಷಧವಿಲ್ಲ. “ಒಂದ ಗುಳಿಗಿ, ಅರಬಿಯಾಗ ಕಟ್ಟಿ ಮೂಲಿಯಾಗ ಇಟ್ಟೇನಿ” ಎಂದು ಯಾರಾದರೂ ಹೇಳಿದರೆ ಆ ಮನೆಯವರನ್ನು ಆ ಕ್ಷಣವೇ ಹೊರಗೆ ಕರೆಯಿರಿ. ಹೊಲದ ಬೆಳೆಗೆ ತಂದ ಔಷಧವನ್ನು ಅಡುಗೆಮನೆಗೆ ಹೊಡೆಯುವುದೂ ಇದೇ ತೂಕದ ತಪ್ಪು. ಡಬ್ಬಿಯ ಮೇಲಿನ ತ್ರಿಕೋನ ನೋಡಿ: ಕೆಂಪು ಎಂದರೆ ಅತಿ ಘೋರ ವಿಷ, ಹಳದಿ ಅದರ ನಂತರದ್ದು, ಆಮೇಲೆ ನೀಲಿ, ಕಡೆಗೆ ಹಸಿರು. ಹಿಂದೆ ಜಿರಳೆಗೆಂದು ಎಷ್ಟೋ ಮನೆಗಳಲ್ಲಿ ಹೊಡೆಯುತ್ತಿದ್ದ ಡೈಕ್ಲೋರೊವಾಸ್ ಅನ್ನು ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಅಟ್ಟದ ಮೇಲೆ ಹಳೆಯ ಬಾಟಲಿ ಉಳಿದಿದ್ದರೆ ಬಳಸಬೇಡಿ. ಅಕ್ಕಿಗೆ ಬೋರಿಕ್ ಪುಡಿ ಸವರಿಡುವ ರೂಢಿಯೂ ಬಿಡಬೇಕಾದದ್ದೇ. ಚೆನ್ನಾಗಿ ತೊಳೆಯದ ಒಂದು ದಿನ ಅದು ತಟ್ಟೆಗೆ ಬರುತ್ತದೆ.

ಇನ್ನು ಜಿರಳೆ, ನಮ್ಮ ಕಡೆಯ ಜೊಂಡಿಗ. ನಮ್ಮ ಮನೆಗಳಲ್ಲಿ ಮುಖ್ಯವಾಗಿ ಇರುವುದು ಎರಡು ಜಾತಿ, ಎರಡಕ್ಕೂ ಮದ್ದು ಬೇರೆ. ಹೆಬ್ಬೆರಳಷ್ಟು ಉದ್ದದ ಕೆಂಗಂದು ಬಣ್ಣದ್ದು ಗಟಾರದ ನಿವಾಸಿ. ಬಚ್ಚಲಿನ ಕಿಂಡಿಯಿಂದ ರಾತ್ರಿ ಮೇಲೆ ಬರುತ್ತದೆ. ಅದಕ್ಕೆ ಔಷಧಕ್ಕಿಂತ ಕಿಂಡಿಗೆ ಸಣ್ಣ ಕಣ್ಣಿನ ಜಾಳಿಗೆ, ಚೇಂಬರಿನ ಮುಚ್ಚಳದ ಸುತ್ತ ಸಿಮೆಂಟು, ಇವೇ ಮದ್ದು. ಒಂದೂವರೆ ಸೆಂಟಿಮೀಟರೂ ಇರದ, ತಲೆಯ ಹಿಂದೆ ಎರಡು ಕಪ್ಪು ಗೆರೆಯಿರುವ ಸಣ್ಣದು ಗಟಾರದಿಂದ ಬರುವುದಿಲ್ಲ. ಕಿರಾಣಿ ಸಾಮಾನಿನ ರಟ್ಟಿನ ಡಬ್ಬಿಯಲ್ಲೋ, ಸೆಕೆಂಡ್ ಹ್ಯಾಂಡ್ ಫ್ರಿಜ್ಜಿನಲ್ಲೋ ಮನೆಗೆ ಬಂದು, ಒಲೆಕಟ್ಟೆಯ ಸಂದಿ, ಮಿಕ್ಸರಿನ ಬುಡ, ಕಪಾಟಿನ ಬಿಜಾಗ್ರಿಯಲ್ಲಿ ಬಿಡಾರ ಹೂಡುತ್ತದೆ. ಹೆಣ್ಣು 30ರಿಂದ 40 ತತ್ತಿಗಳ ಚೀಲವನ್ನು ಮರಿ ಹೊರಬರುವವರೆಗೂ ಬೆನ್ನ ತುದಿಗೇ ಹೊತ್ತು ತಿರುಗುತ್ತದೆ. ಸ್ಪ್ರೇ ಆ ಚೀಲದೊಳಗೆ ಇಳಿಯದು.

ಧಾರವಾಡದಲ್ಲಿ ಬಾಡಿಗೆಗಿದ್ದಾಗ ನಾನು ಎರಡು ತಿಂಗಳು ವಾರಕ್ಕೊಂದು ಸ್ಪ್ರೇ ಡಬ್ಬಿ ಖಾಲಿ ಮಾಡಿದ್ದೆ. ಪ್ರತಿ ಸಲ ಕಸಬರಿಗೆಯಲ್ಲಿ ಗುಡಿಸುವಷ್ಟು ಸಾಯುತ್ತಿದ್ದವು, ಹದಿನೈದು ದಿನಕ್ಕೆ ಅಕ್ಕಿಕಾಳಷ್ಟಿನ ಮರಿಗಳು ಮಲಗುವ ಕೋಣೆಯಲ್ಲೂ ಕಾಣುತ್ತಿದ್ದವು. ವಾಸನೆಗೆ ಹೆದರಿ ಚದುರಿದ್ದವು, ಅಷ್ಟೆ. ಎಷ್ಟೋ ವರ್ಷದಿಂದ ಒಂದೇ ಗುಂಪಿನ ಔಷಧ ಹೊಡೆದೂ ಹೊಡೆದೂ ಈ ಸಣ್ಣ ಜಿರಳೆ ಅದಕ್ಕೆ ಒಗ್ಗಿಹೋಗಿರುವುದೂ ಉಂಟು.

ಆಮೇಲೆ ತಂದದ್ದು ಜೆಲ್. ಅದು ತಿನ್ನುವ ವಿಷ, ಬೇಕೆಂದೇ ನಿಧಾನ. ತಿಂದ ಜಿರಳೆ ಗೂಡಿಗೆ ಮರಳಿ ಅಲ್ಲಿ ಸಾಯುತ್ತದೆ, ಅದರ ಹಿಕ್ಕೆಯನ್ನೂ ಹೆಣವನ್ನೂ ಮರಿಗಳು ತಿನ್ನುತ್ತವೆ, ಹೊರಗೆ ಬಾರದ ಮರಿಗೂ ವಿಷ ತಲುಪುತ್ತದೆ. ಸಾಸಿವೆಗಿಂತ ತುಸು ದಪ್ಪದ ಬೊಟ್ಟುಗಳನ್ನು ಬಿಜಾಗ್ರಿ, ಸಿಲಿಂಡರಿನ ಹಿಂದಿನ ಮೂಲೆ, ಫ್ರಿಜ್ಜಿನ ಹಿಂಬದಿ ಹೀಗೆ ಹಲವು ಕಡೆ ಇಡಬೇಕು, ಮಕ್ಕಳ ಕೈಗೆ ಸಿಗದಂತೆ. ಒಂದೇ ಕಡೆ ದೊಡ್ಡ ಮುದ್ದೆ ಇಡಬಾರದು. ಬಹುಮುಖ್ಯವಾಗಿ, ಜೆಲ್ ಇಟ್ಟಮೇಲೆ ಸ್ಪ್ರೇ ಮುಟ್ಟಬಾರದು, ವಾಸನೆ ಹತ್ತಿದ ಜೆಲ್ಲನ್ನು ಅವು ಮೂಸುವುದೂ ಇಲ್ಲ. ಫಲ ಕಾಣಲು ಒಂದೆರಡು ವಾರ ಬೇಕು. ಆ ವಾರಗಳಲ್ಲಿ ರಾತ್ರಿ ಮಲಗುವ ಮುಂಚೆ ಸಿಂಕನ್ನೂ ಕಟ್ಟೆಯನ್ನೂ ಒಣಬಟ್ಟೆಯಿಂದ ಒರೆಸಿ. ಊಟವಿಲ್ಲದೆ ಜಿರಳೆ ವಾರಗಟ್ಟಲೆ ತಡೆಯುತ್ತದೆ, ನೀರಿಲ್ಲದೆ ತಡೆಯದು. ಹುಬ್ಬಳ್ಳಿಯ ಅಡುಗೆಮನೆಗಳಲ್ಲಿ ಸಾಲುಸಾಲು ಕೊಡ ತುಂಬಿಟ್ಟಿರುತ್ತೇವಲ್ಲ, ಅವುಗಳ ಬುಡದ ಪಸೆಯೇ ಅವಕ್ಕೆ ಕೆರೆ. ಜಿರಳೆ ಕಾಣದಂತಾದ ಮೇಲೂ ಕಪಾಟಿನ ಮೂಲೆಗಳನ್ನು ಒದ್ದೆಬಟ್ಟೆಯಲ್ಲಿ ಒರೆಸಬೇಕು. ಅದರ ಹಿಕ್ಕೆ, ಪೊರೆಯ ಪುಡಿಯಿಂದ ಮಕ್ಕಳ ದಮ್ಮು ಕೆರಳುತ್ತದೆ.

ತಗಣಿಯ ಮಾತು ಎತ್ತಿದರೆ ಜನ ನಾಚುತ್ತಾರೆ. ನಾಚಬೇಕಿಲ್ಲ. ತಗಣಿಗೆ ಹೊಲಸು ಬೇಡ, ಮನುಷ್ಯನ ರಕ್ತ ಬೇಕು, ಅಡಗಲು ಒಂದು ಸಂದಿ ಬೇಕು. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಮಕ್ಕಳು ಒಂದೊಂದು ಕೋಣೆಯಲ್ಲಿ ನಾಲ್ಕೈದು ಮಂದಿ ಇರುತ್ತಾರೆ. ಮಂಚ, ಗಾದಿ ಹಿಂದಿನವರು ಬಿಟ್ಟುಹೋದದ್ದು. ಅಲ್ಲಿಂದ ಹಬ್ಬಕ್ಕೆ ಊರಿಗೆ ಬರುವ ಬ್ಯಾಗಿನಲ್ಲಿ ಅದೂ ಬರುತ್ತದೆ. ನಮ್ಮ ಅಕ್ಕನ ಮಗನ ಜೊತೆ ನಮ್ಮ ಮನೆಗೂ ಬಂದಿತ್ತು. ಔಷಧ ಹೊಡೆಯಲು ಬಂದವರೊಬ್ಬರು ಒಂದು ಮಧ್ಯಾಹ್ನ ಮನೆಯೆಲ್ಲ ಹೊಡೆದು, ಹಣ ಎಣಿಸಿಕೊಂಡು ಹೋದರು. ಎರಡನೇ ಸಲ ಹೊಡೆಯಬೇಕು ಎಂದು ಹೇಳಲಿಲ್ಲ. ತಗಣಿಯ ತತ್ತಿಗೆ ಬಹಳಷ್ಟು ಔಷಧ ನಾಟುವುದಿಲ್ಲ, ಬೆಚ್ಚನೆಯ ದಿನಗಳಲ್ಲಿ ಅದು ಆರರಿಂದ ಹತ್ತು ದಿನಕ್ಕೆ ಮರಿಯಾಗುತ್ತದೆ. ಆದ್ದರಿಂದ ಹತ್ತು ಹನ್ನೆರಡು ದಿನ ಬಿಟ್ಟು ಎರಡನೇ ಸಲ ಹೊಡೆಯದಿದ್ದರೆ ಮೊದಲನೆಯದು ದಂಡ. ನೀವು ಯಾರನ್ನೇ ಕರೆಸಿ, ಎರಡು ಸಲದ ಮಾತು ಮೊದಲೇ ಮುಗಿಸಿಕೊಳ್ಳಿ.

ಔಷಧಕ್ಕಿಂತ ಶಾಖವನ್ನು ನಾನು ಹೆಚ್ಚು ನಂಬುತ್ತೇನೆ. 50 ಡಿಗ್ರಿ ದಾಟಿದರೆ ತಗಣಿಯೂ ಉಳಿಯದು, ತತ್ತಿಯೂ ಉಳಿಯದು. ಕಟ್ಟಿಗೆ ಅಥವಾ ಕಬ್ಬಿಣದ ಮಂಚದ ಕೀಲುಗಳಿಗೆ ಕುದಿಯುವ ನೀರು ಸುರಿಯಬೇಕು. ಹಾಸಿಗೆ ಬಟ್ಟೆಯನ್ನು ಕುದಿನೀರಲ್ಲಿ ಅದ್ದಬೇಕು. ಗಾದಿಯನ್ನು ಸುಮ್ಮನೆ ಬಿಸಿಲಿಗೆ ಒಡ್ಡಿದರೆ ಅವು ಕೆಳಗಿನ ನೆರಳಿಗೆ ಸರಿದುಕೊಳ್ಳುತ್ತವೆ. ಪುಸ್ತಕ, ಬ್ಯಾಗುಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬೇಸಿಗೆಯ ಮಧ್ಯಾಹ್ನ ಮಾಳಿಗೆಯ ಮೇಲೆ ಇಟ್ಟು, ಆಗಾಗ ತಿರುವಿ ಹಾಕಿ. ತಿಂಗಳುಗಟ್ಟಲೆ ಉಪವಾಸ ಇರಬಲ್ಲ ಜೀವ ಅದು, ಕೋಣೆಗೆ ಬೀಗ ಹಾಕಿ ಊರಿಗೆ ಹೋದರೆ ಸಾಯುವುದಿಲ್ಲ. ಒಂದು ಸಮಾಧಾನವಿದೆ: ಕಡಿದರೆ ತುರಿಕೆ, ನಿದ್ದೆಗೇಡು ಉಂಟು, ಆದರೆ ತಗಣಿ ಮನುಷ್ಯರ ನಡುವೆ ರೋಗ ಹರಡಿದ್ದು ಕಂಡುಬಂದಿಲ್ಲ.

ಇರುವೆಗೂ ಜಿರಳೆಯ ನ್ಯಾಯವೇ. ಸಾಲಿನ ಮೇಲೆ ಔಷಧ ಹೊಡೆದರೆ ಆ ಸಾಲು ಸಾಯುತ್ತದೆ, ರಾಣಿ ಗೂಡಲ್ಲಿ ತತ್ತಿ ಇಡುತ್ತಲೇ ಇರುತ್ತದೆ. ಕೆಲವು ಸಣ್ಣ ಹಳದಿ ಇರುವೆಗಳಂತೂ ಔಷಧದ ಕಾಟಕ್ಕೆ ಗೂಡನ್ನೇ ಒಡೆದು ನಾಲ್ಕು ಕಡೆ ಹೊಸ ಗೂಡು ಮಾಡುತ್ತವೆ. ಗೆದ್ದಲಿನ ವಿಷಯದಲ್ಲಿ ಮಾತ್ರ ಮನೆಮದ್ದು ನೆಚ್ಚಬೇಡಿ. ಚೌಕಟ್ಟಿನ ಮೇಲೆ ಮಣ್ಣಿನ ಕೊಳವೆ ಕಂಡರೆ ಅದನ್ನು ಕೆರೆದು ಸೀಮೆಎಣ್ಣೆ ಬಳಿದರೆ ದಾರಿ ಬದಲಾಗುತ್ತದೆ, ನೆಲದಡಿಯ ಗೂಡು ಹಾಗೇ ಇರುತ್ತದೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಅಡಿಪಾಯದ ಬದಿಯಲ್ಲೇ ದಾರಿ ಮಾಡಿಕೊಡುತ್ತದೆ. ಅಲ್ಲಿ ಮಣ್ಣಿಗೇ ಔಷಧ ಇಳಿಸಲು ತಿಳಿದವರು ಬೇಕು.

ಕಡೆಗೆ, ಜೀವಕ್ಕೇ ಕುತ್ತು ತರುವ ಕೀಟ. ಗಟಾರದ ಸೊಳ್ಳೆ ಬೇರೆ, ಡೆಂಗಿ ಸೊಳ್ಳೆ ಬೇರೆ. ಗಟಾರದ ಕೊಳೆನೀರಲ್ಲಿ ಹುಟ್ಟಿ ರಾತ್ರಿ ಕಚ್ಚುವುದು ಕ್ಯೂಲೆಕ್ಸ್. ಕಾಲಿಗೆ ಬಿಳಿ ಪಟ್ಟೆಯಿರುವ, ಹಗಲು ಹೊತ್ತು ಕಚ್ಚುವ ಈಡಿಸ್ ಹುಟ್ಟುವುದು ನಾವು ಕುಡಿಯಲು, ಬಳಸಲು ತುಂಬಿಟ್ಟ ತಿಳಿನೀರಿನಲ್ಲಿ. ಅದು ಬಹಳ ದೂರ ಹಾರುವುದೂ ಇಲ್ಲ. ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದೋ ಪಕ್ಕದ ಮನೆಯದೋ ಆಗಿರುತ್ತದೆ. ಓಣಿಯಲ್ಲಿ ಹೊಗೆ ಬಿಡುವ ಗಾಡಿ ಬಂದುಹೋದರೆ ಜನಕ್ಕೆ ನೆಮ್ಮದಿ. ಆದರೆ ಹೊಗೆ ತಾಗುವುದು ಹಾರುವ ಸೊಳ್ಳೆಗೆ, ನೀರಿನೊಳಗಿನ ಹುಳಕ್ಕಲ್ಲ.

ತತ್ತಿಯಿಂದ ಸೊಳ್ಳೆಯಾಗಲು ಬೇಕಾದದ್ದು ಏಳರಿಂದ ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಿ ಎನ್ನುತ್ತಾರೆ. ಹುಬ್ಬಳ್ಳಿ–ಧಾರವಾಡದ ಎಷ್ಟೋ ಓಣಿಗಳಲ್ಲಿ, ಗದಗ–ಬೆಟಗೇರಿಯಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಬ್ಯಾರಲ್, ಸಂಪು, ಹಂಡೆ, ಕೊಡ, ಕಡೆಗೆ ಬೋಗುಣಿಯನ್ನೂ ತುಂಬಿಕೊಳ್ಳುತ್ತೇವೆ. ಇಂಥಲ್ಲಿ ನೀರು ಚೆಲ್ಲಿ ಎಂದು ಯಾರ ಬಾಯಿಂದ ಹೇಳುವುದು? 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಹಾಕುವ ನಿಯಮ ತಂದಿತು. ನೀರು ದಿನಾ ಬರುವ ಊರಿಗೂ ನಮ್ಮ ಊರಿಗೂ ಆ ಸಲಹೆ ಒಂದೇ ತೂಕದ್ದಲ್ಲ ಎಂಬುದು ನನ್ನ ಕೊರಗು.

ಆದರೂ ದಾರಿ ಇದೆ, ಅದೂ ತತ್ತಿ ಇರುವ ಜಾಗದಲ್ಲೇ ಇದೆ. ಈಡಿಸ್ ತತ್ತಿಯನ್ನು ನೀರಿನಲ್ಲಿ ಇಡುವುದಿಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ಒಣಗಿದರೂ ಆ ತತ್ತಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ಏರಿ ತಾಗಿದಾಗ ಒಡೆಯುತ್ತದೆ. ಅಂದರೆ ಬ್ಯಾರಲ್ ಖಾಲಿ ಮಾಡಿ ಹಾಗೇ ಮತ್ತೆ ತುಂಬಿದರೆ ನಾವೇ ತತ್ತಿಗೆ ನೀರೆರೆದಂತೆ. ನಳ ಬರುವ ದಿನ ಬೆಳಿಗ್ಗೆ, ತಳದ ನೀರನ್ನು ಗಿಡಕ್ಕೆ ಹಾಕಿ, ಒಳಗೋಡೆಯನ್ನು ಗಟ್ಟಿ ನಾರಿನ ಬ್ರಶ್ಶಿನಿಂದ ತಿಕ್ಕಿ. ಅರ್ಧದಿಂದ ಮೇಲಿನ ಭಾಗವನ್ನು ಬಿಡದೆ ತಿಕ್ಕಬೇಕು, ತತ್ತಿ ಇರುವುದು ಅಲ್ಲೇ. ತಿಕ್ಕಿದ ನೀರನ್ನು ಗಟಾರಕ್ಕಲ್ಲ, ಬಿಸಿಲಿನ ಒಣನೆಲಕ್ಕೆ ಚೆಲ್ಲಿ. ತುಂಬಿದ ಮೇಲೆ ಹಳೆಯ ಧೋತರದ ತುಂಡನ್ನು ಎರಡು ಮಡಿಕೆ ಮಾಡಿ ಬಾಯಿಗೆ ಬಿಗಿಯಾಗಿ ಕಟ್ಟಿ. ಮುಚ್ಚಳ ಮಾತ್ರ ಇಟ್ಟರೆ ಬದಿಯ ಸಂದಿ ಸೊಳ್ಳೆಗೆ ಸಾಕು. ಸಂಪು ದೊಡ್ಡದಿದ್ದರೆ ಗಪ್ಪಿ ಮೀನು ಬಿಡಬಹುದು.

ತಗಣಿ ಏರದಿರಲಿ ಎಂದು ಮಂಚದ ಕಾಲಿಗೆ ನೀರಿನ ಬಟ್ಟಲು ಇಡುವ ಮನೆಗಳಿವೆ. ಆ ಬಟ್ಟಲಿಗೆ ನಾಲ್ಕು ಹನಿ ಎಣ್ಣೆ ಬಿಡಿ, ಇಲ್ಲವಾದರೆ ಅಲ್ಲೂ ಹುಟ್ಟುತ್ತವೆ. ಏರ್ ಕೂಲರಿನ ತಳದ ಟ್ರೇ, ಫ್ರಿಜ್ಜಿನ ಹಿಂದಿನ ತಟ್ಟೆ, ಹಿತ್ತಿಲಲ್ಲಿ ಬಿದ್ದ ಟೈರು, ತುಳಸಿಕಟ್ಟೆಯ ಕುಂಡದ ಕೆಳಗಿನ ತಾಟು, ಇವನ್ನೂ ಅದೇ ನಳದ ದಿನ ನೋಡಿ ಮುಗಿಸಿ. ಆಶಾ ಕಾರ್ಯಕರ್ತೆ ಟಾರ್ಚು ಹಿಡಿದು ಬಂದರೆ ಬ್ಯಾರಲ್ಲಿನ ಅರಬಿ ಬಿಚ್ಚಿ ತೋರಿಸಿ, ನೀರಿನಲ್ಲಿ ಕುಣಿಯುವ ಹುಳ ಕಂಡರೆ ಅವರ ಎದುರಿಗೇ ಆ ನೀರನ್ನು ಬಿಸಿಲಿಗೆ ಚೆಲ್ಲಿ, ಪಕ್ಕದ ಮನೆಯವರನ್ನೂ ಕರೆದು ತೋರಿಸಿ.